ಎಷ್ಟು ಜನ ಸತ್ತರು ಅಂತ ಹೇಳಿದ್ದು ಯಾರು?

ಹೋದ ಸಂಚಿಕೆಯಲ್ಲಿ ನನ್ನ ಹಳೆಯ ಕೆಲಸದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಯುದ್ಧ, ಬಂಡಾಯ, ಗುಂಪು ಕಾದಾಟ ನಡೆಯುವ ದೇಶಗಳ ಸುದ್ದಿ ಓದಬೇಕು. ಒಂದೊಂದು ಘಟನೆಯನ್ನೂ ಪಟ್ಟಿಗೆ ಸೇರಿಸಬೇಕು. ನಕ್ಷೆಯ ಮೇಲೆ ಒಂದು ಚುಕ್ಕೆ ಇಡಬೇಕು. ಹದಿನಾಲ್ಕು ವರ್ಷ ಅದನ್ನೇ ಮಾಡಿದೆ. ಏನು ಕೆಲಸ ಅಂತ ಯಾರಾದರೂ ಕೇಳಿದರೆ ‘ಎಕ್ಸೆಲ್ ತುಂಬೋದು’ ಅಂದು ಮಾತು ಬದಲಿಸುತ್ತಿದ್ದೆ. ಈ ಸಲ ಮಾತು ಬದಲಿಸಲು ದಾರಿ ಇಲ್ಲ. ಪತ್ರಗಳು ಬಹಳ ಬಂದಿವೆ, ಅರ್ಧಕ್ಕರ್ಧ ಸಿಟ್ಟಿನವು. ಸಿಟ್ಟಿನದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಇರಾಕ್ ಯುದ್ಧದಲ್ಲಿ ಸತ್ತವರು ಒಂದೂವರೆ ಲಕ್ಷ ಅಂತ ಒಂದು ಕಡೆ ಓದಿದೆ, ಆರೂವರೆ ಲಕ್ಷ ಅಂತ ಇನ್ನೊಂದು ಕಡೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಲ್ವಾ ಮೇಡಂ? ಯಾರು ಅಂತ ನೇರವಾಗಿ ಹೇಳಿ.
(ಹಳೆಯ ಓದುಗರೊಬ್ಬರು)

ಉತ್ತರ: ಸಾವಿನ ಲೆಕ್ಕದಲ್ಲಿ ಸುಳ್ಳು ಹೇಳುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅದಕ್ಕೂ ಮೊದಲು ಎರಡು ವಿಷಯ ನೋಡಬೇಕು. ಯಾರನ್ನು ಎಣಿಸಿದರು? ಹೇಗೆ ಎಣಿಸಿದರು?

ನೀವು ಓದಿದ ಒಂದೂವರೆ ಲಕ್ಷ, ಇರಾಕಿನ ಆರೋಗ್ಯ ಸಚಿವಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಮಾಡಿದ ಸಮೀಕ್ಷೆಯದ್ದು. ಪ್ರಕಟವಾಗಿದ್ದು 2008ರಲ್ಲಿ. 9,345 ಮನೆಗಳಿಗೆ ಹೋಗಿ ‘ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡರು, ಹೇಗೆ?’ ಅಂತ ಕೇಳಿದರು. 2003ರ ಮಾರ್ಚ್‌ನಿಂದ 2006ರ ಜೂನ್ ತನಕ ಹಿಂಸೆಗೆ ಬಲಿಯಾದವರು ಸುಮಾರು 1,51,000 ಅಂದರು. ಆರೂವರೆ ಲಕ್ಷ ಬಂದಿದ್ದು 2006ರಲ್ಲಿ, ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ. ನಿಖರವಾಗಿ 6,54,965. ಅವರು ಹೋಗಿದ್ದು 1,849 ಮನೆಗಳಿಗೆ. ಯುದ್ಧ ಆಗದಿದ್ದರೆ ಬದುಕಿರುತ್ತಿದ್ದವರು ಎಷ್ಟು ಅನ್ನುವುದು ಅವರ ಲೆಕ್ಕ. ಹಾಗಾಗಿ ಗುಂಡಿಗೆ ಬಿದ್ದವರ ಜೊತೆ ಬೇರೆ ಕಾರಣಕ್ಕೆ ಸತ್ತವರೂ ಅದರಲ್ಲಿದ್ದಾರೆ.

‘ಅವರು ಎಣಿಸಿದ್ದು ಬೇರೆ, ಇವರು ಎಣಿಸಿದ್ದು ಬೇರೆ’ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಲ್ಯಾನ್ಸೆಟ್ ಲೆಕ್ಕದಲ್ಲಿ ಹಿಂಸೆಯಿಂದ ಆದ ಸಾವುಗಳೇ ಆರು ಲಕ್ಷ. ಆ ವ್ಯತ್ಯಾಸ ಮುಚ್ಚಿಡಲು ಆಗುವುದಿಲ್ಲ. ಮನೆಗಳನ್ನು ಆರಿಸಿದ ರೀತಿಯ ಬಗ್ಗೆ ತಜ್ಞರು ಗಟ್ಟಿಯಾಗಿಯೇ ತಕರಾರು ಎತ್ತಿದರು. ನನ್ನ ಒಲವು ದೊಡ್ಡ ಸಮೀಕ್ಷೆಯ ಕಡೆಗೆ. ಆದರೆ ಅದರಲ್ಲೂ 1,04,000ದಿಂದ 2,23,000 ತನಕ ಎಲ್ಲಿ ಬೇಕಾದರೂ ಇರಬಹುದು ಅಂತ ಅವರೇ ಬರೆದಿದ್ದಾರೆ. ಪತ್ರಿಕೆಗಳಿಗೆ ಅಷ್ಟು ಉದ್ದದ ಸಾಲು ಇಷ್ಟವಾಗುವುದಿಲ್ಲ. ನಡುವಿನ ಒಂದು ಸಂಖ್ಯೆ ಕಿತ್ತು ಶೀರ್ಷಿಕೆ ಮಾಡುತ್ತಾರೆ.

ಇನ್ನು ಮೂರನೆಯವರಿದ್ದಾರೆ, ನೀವು ಬರೆದಿಲ್ಲ. ಇರಾಕ್ ಬಾಡಿ ಕೌಂಟ್ ಅಂತ. ಯುದ್ಧ ಶುರುವಾಗುವ ಮೊದಲೇ, 2003ರ ಜನವರಿಯಲ್ಲಿ ಹುಟ್ಟಿಕೊಂಡ ಗುಂಪು. ಸುದ್ದಿ, ಶವಾಗಾರ, ಆಸ್ಪತ್ರೆ ಹೀಗೆ ದಾಖಲೆ ಸಿಕ್ಕ ನಾಗರಿಕರ ಸಾವನ್ನು ಮಾತ್ರ ಒಂದೊಂದಾಗಿ ಬರೆಯುತ್ತಾರೆ. ಅದೇ ಅವಧಿಗೆ ಅವರ ಸಂಖ್ಯೆ ಈ ಎರಡಕ್ಕಿಂತ ಬಹಳ ಕೆಳಗೆ. ನಾನು ಮಾಡಿದ್ದು ಈ ಮೂರನೆಯ ಜಾತಿಯ ಕೆಲಸ. ಇಲ್ಲಿ ಬರುವ ಪ್ರತಿ ಸಂಖ್ಯೆಯ ಮುಂದೆ ‘ಕನಿಷ್ಠ’ ಅಂತ ಓದಿಕೊಳ್ಳಬೇಕು. ನಾವು ಆ ಪದ ಬರೆದೇ ಕಳಿಸುತ್ತಿದ್ದೆವು. ಅಚ್ಚಾಗುವಾಗ ಮೊದಲು ಬಿದ್ದುಹೋಗುತ್ತಿದ್ದುದು ಅದೇ.

ಪ್ರಶ್ನೆ: ವರದಿಯಲ್ಲಿ ‘ಹಲವರು ಸತ್ತರು’ ಅಂತ ಮಾತ್ರ ಇದ್ದರೆ ಪಟ್ಟಿಯಲ್ಲಿ ಯಾವ ಸಂಖ್ಯೆ ಬರೆಯುತ್ತೀರಿ? ಹಲವು ಎಂದರೆ ಎಷ್ಟು?
(ನಿವೃತ್ತ ಗಣಿತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಉತ್ತರ ಕೇಳಿ ನಗಬೇಡಿ. ಮೂರು.

ಅಕ್ಲೆಡ್ ಅಂತ ಒಂದು ಸಂಸ್ಥೆ ಇದೆ. ಕ್ಲಿಯೊನಾ ರಾಲಿ ಎಂಬ ಸಂಶೋಧಕಿ ತಮ್ಮ ಪಿಎಚ್‌ಡಿ ಕಾಲದಲ್ಲಿ ಶುರು ಮಾಡಿದ್ದು. ಈಗ ವಾರವಾರವೂ ಜಗತ್ತಿನ ಘಟನೆಗಳನ್ನು ಪಟ್ಟಿ ಮಾಡುತ್ತದೆ. ಅವರ ನಿಯಮದ ಪ್ರಕಾರ ಸಣ್ಣ ದಾಳಿಯಲ್ಲಿ ‘ಹಲವರು’ ಅಂದರೆ 3. ದೊಡ್ಡ ಯುದ್ಧ ನಡೆಯುತ್ತಿರುವ ಜಾಗದಲ್ಲಾದರೆ 10. ‘ಡಜನ್‌ಗಟ್ಟಲೆ’ ಅಂದರೆ 12. ‘ನೂರಾರು’ ಅಂದರೆ 100. ಎರಡು ವರದಿ ಎರಡು ಸಂಖ್ಯೆ ಹೇಳಿದರೆ ಕಡಿಮೆಯದನ್ನು ಹಿಡಿಯುತ್ತಾರೆ. ಇಂಥದ್ದೇ ಪಟ್ಟಿ ಮಾಡುವ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರದು ಬೇರೆ ದಾರಿ. ಒಂದೇ ಘಟನೆಗೆ ಮೂರು ಕಾಲಂ: ಅತಿ ಕಡಿಮೆ, ಅತಿ ಹೆಚ್ಚು, ಮತ್ತು ನಂಬಬಹುದಾದದ್ದು. ನನಗೆ ಇದೇ ಹೆಚ್ಚು ಹಿಡಿಸಿದ್ದು. ಅನುಮಾನಕ್ಕೂ ಒಂದು ಕಾಲಂ ಇರಬೇಕು.

3 ಅನ್ನುವುದು ಸರಿ ಅಂತ ಯಾರೂ ವಾದಿಸುವುದಿಲ್ಲ. ಎಲ್ಲರೂ ಎಲ್ಲ ದಿನವೂ ಅದನ್ನೇ ಬರೆದರೆ ತಪ್ಪು ಒಂದೇ ಥರ ಇರುತ್ತದೆ, ಅಷ್ಟೇ. ನಾನು ಸೋಮವಾರ 3 ಬರೆದು, ಮನಸ್ಸು ಕೆಟ್ಟ ಶುಕ್ರವಾರ 8 ಬರೆದರೆ ಶುಕ್ರವಾರ ಯುದ್ಧ ಜೋರಾದ ಹಾಗೆ ಕಾಣುತ್ತದೆ.

ನಿಜವಾದ ತಲೆನೋವು ಬೇರೆ ಕಡೆ ಇತ್ತು. ಒಂದೇ ಘಟನೆಯನ್ನು ಎರಡು ಸಲ ಬರೆಯುವುದು. ಮೂರನೇ ವರ್ಷದಲ್ಲಿ ನಾನೇ ಹಾಗೆ ಮಾಡಿ ಸಿಕ್ಕಿಬಿದ್ದಿದ್ದೆ. ಸಂತೆಯ ಮೇಲೆ ದಾಳಿ ಆಗಿತ್ತು. ಒಂದು ಪತ್ರಿಕೆ ಊರಿನ ಹೆಸರು ಬರೆದು ‘19 ಸಾವು’ ಅಂದಿತು. ಎರಡು ದಿನದ ನಂತರ ರೇಡಿಯೋ ವರದಿ ಬಂತು. ಅದರಲ್ಲಿ ಸಂತೆ ಮೈದಾನದ ಹೆಸರು, ಅದೂ ಬೇರೆ ಭಾಷೆಯಲ್ಲಿ. ‘22 ಜನರ ಅಂತ್ಯಕ್ರಿಯೆ’ ಅಂತ ಹೇಳಿದರು. ನಾನು ಎರಡು ಸಾಲು ಬರೆದೆ. 41 ಸಾವು. ತಿಂಗಳ ನಂತರ ಪಕ್ಕದ ಮೇಜಿನ ಹುಡುಗ ಉಪಗ್ರಹ ಚಿತ್ರ ನೋಡುತ್ತಾ, ‘ಅಕ್ಕಾ, ಈ ಎರಡು ಊರಿನ ನಡುವೆ ಇರುವುದು ಒಂದು ರಸ್ತೆ ಅಷ್ಟೇ, ಎರಡೂ ಒಂದೇ ಜಾಗ’ ಅಂದ. ಅಷ್ಟರಲ್ಲಿ 41 ಅನ್ನುವುದು ಎರಡು ಲೇಖನಗಳಲ್ಲಿ ಅಚ್ಚಾಗಿ ಹೋಗಿತ್ತು. ನಮ್ಮ ಪಟ್ಟಿ ತಿದ್ದಿದೆವು. ಆ ಲೇಖನಗಳನ್ನು ಯಾರು ತಿದ್ದುತ್ತಾರೆ?

ಆಮೇಲೆ ಪಂಚಾಂಗ. ನೇಪಾಳದ ಮಾವೋವಾದಿಗಳ ಯುದ್ಧ ಶುರುವಾದದ್ದು ಅವರ ಲೆಕ್ಕದಲ್ಲಿ 2052ರ ಫಾಲ್ಗುಣ 1. ನಮಗೆ 1996ರ ಫೆಬ್ರುವರಿ 13. ಇಥಿಯೋಪಿಯಾದ ವರ್ಷಕ್ಕೆ ಹದಿಮೂರು ತಿಂಗಳು, ಅವರ ವರ್ಷದ ಸಂಖ್ಯೆ ನಮ್ಮದಕ್ಕಿಂತ ಏಳೆಂಟು ಹಿಂದೆ. ಸಾಲದ್ದಕ್ಕೆ ಅಲ್ಲಿ ಹಗಲಿನ ಗಂಟೆ ಎಣಿಸುವುದು ಬೆಳಗಾದ ಮೇಲೆ, ರಾತ್ರಿಯದು ಕತ್ತಲಾದ ಮೇಲೆ. ಅಲ್ಲಿನ ಹಳ್ಳಿಯವರು ‘ರಾತ್ರಿ ಎರಡಕ್ಕೆ ಬಂದರು’ ಅಂದರೆ ನಮ್ಮ ರಾತ್ರಿ ಎಂಟು. ಊರಿನ ಹೆಸರುಗಳ ಕಥೆ ಕೇಳಲೇ ಬೇಡಿ. ಉಕ್ರೇನಿನ ಬಖ್ಮುತ್ 2016ರ ತನಕ ಅರ್ಟೆಮಿವ್ಸ್ಕ್ ಆಗಿತ್ತು. ಹಳೆ ಪಟ್ಟಿ, ಹೊಸ ಪಟ್ಟಿ ಸೇರಿಸುವಾಗ ಒಂದೇ ಊರು ಎರಡಾಗುತ್ತದೆ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ಒಂದು ದೇಶದ ಸಂಘರ್ಷದ ನಕ್ಷೆ ಮಾಡಿದ್ದೇನೆ. ಜಿಲ್ಲಾ ಕೇಂದ್ರಗಳ ಮೇಲೇ ಚುಕ್ಕೆಗಳು ಗುಡ್ಡೆ ಬಿದ್ದಿವೆ. ಅವೇ ಅತಿ ಅಪಾಯದ ಊರುಗಳು ಅಂತ ಬರೆಯಬಹುದಾ?
(ವಿದ್ಯಾರ್ಥಿನಿ)

ಉತ್ತರ: ಬರೆಯಬೇಡಿ! ಒಂದು ನಿಮಿಷ ತಾಳಿ.

‘ಜಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಚಕಮಕಿ’ ಅಂತ ವರದಿ ಬಂತು ಅಂದುಕೊಳ್ಳಿ. ಚುಕ್ಕೆ ಎಲ್ಲಾದರೂ ಇಡಲೇಬೇಕು. ಹಾಗಾಗಿ ಜಿಲ್ಲಾ ಕೇಂದ್ರದ ಮೇಲೋ, ಜಿಲ್ಲೆಯ ನಡುಬಿಂದುವಿನ ಮೇಲೋ ಇಡುತ್ತಾರೆ. ಕಾಡಿನಲ್ಲಿ ನಡೆದದ್ದೂ ಅಲ್ಲೇ, ಗಡಿಯಲ್ಲಿ ನಡೆದದ್ದೂ ಅಲ್ಲೇ. ನೀವು ನೋಡುತ್ತಿರುವ ಗುಡ್ಡೆಯಲ್ಲಿ ಎಷ್ಟೋ ಚುಕ್ಕೆಗಳ ಅರ್ಥ ‘ಜಾಗ ಗೊತ್ತಿಲ್ಲ’ ಅಂತ.

ನಿಮ್ಮ ಫೈಲಿನಲ್ಲಿ ನಿಖರತೆಯ ಒಂದು ಕಾಲಂ ಇರಲೇಬೇಕು. ಅಕ್ಲೆಡ್‌ನದ್ದಾದರೆ 1ರಿಂದ 3, ಉಪ್ಸಾಲಾದ್ದಾದರೆ 1ರಿಂದ 7. 1 ಅಂದರೆ ಜಾಗ ಖಚಿತ. ಸಂಖ್ಯೆ ಏರಿದ ಹಾಗೆ ಮಬ್ಬು. 1 ಇರುವುದನ್ನು ಮಾತ್ರ ಇಟ್ಟು ಇನ್ನೊಮ್ಮೆ ನಕ್ಷೆ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಹಾಕಿ. ನಿಮ್ಮ ಮಾರ್ಗದರ್ಶಕರಿಗೆ ಅದೊಂದೇ ಸಾಕು.

ಖಾಲಿ ಜಾಗದ ಬಗ್ಗೆ ಇನ್ನೂ ಹೆಚ್ಚು ಹುಷಾರಾಗಿರಿ. ಅಫ್ಘಾನಿಸ್ತಾನದಲ್ಲಿ ಪತ್ರಿಕೆಗಳ ವರದಿಯನ್ನು ಸೇನೆಯ ಒಳ ದಾಖಲೆಗಳ ಜೊತೆ ಇಟ್ಟು ನೋಡಿದ ಒಂದು ಅಧ್ಯಯನ ಇದೆ. ಮೊಬೈಲ್ ಸಿಗ್ನಲ್ ಇರುವ ಕಡೆ ನಡೆದ ಘಟನೆ ಪತ್ರಿಕೆಗೆ ಬರುವ ಸಾಧ್ಯತೆ ಜಾಸ್ತಿ ಅಂತ ತಿಳಿಯಿತು. ಅಂದರೆ ನಕ್ಷೆ ಹಿಂಸೆಯ ಜೊತೆ ಟವರ್‌ಗಳನ್ನೂ ತೋರಿಸುತ್ತಿರುತ್ತದೆ. 2020ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಟಿಗ್ರಾಯ್‌ನಲ್ಲಿ ಯುದ್ಧ ಶುರುವಾದಾಗ ಫೋನು, ಇಂಟರ್ನೆಟ್ ಎರಡೂ ಕಟ್. ಜನ ಸಾಯುತ್ತಿದ್ದರು, ಹೊರಗೆ ಸುದ್ದಿ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಸೊನ್ನೆ ಬಂದ ವಾರ ಹಿರಿಯರೊಬ್ಬರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಅಲ್ಲಿಂದ ಬೇರೆ ಸುದ್ದಿ ಏನಾದರೂ ಬಂತಾ? ಮಳೆ, ಮದುವೆ, ಕ್ರಿಕೆಟ್ಟು, ಏನಾದರೂ?’ ಏನೂ ಬಂದಿಲ್ಲ ಅಂದರೆ ಸೊನ್ನೆ ಬರೆಯಲು ಬಿಡುತ್ತಿರಲಿಲ್ಲ. ಆ ಚೌಕ ಖಾಲಿ ಉಳಿಯುತ್ತಿತ್ತು. ಸೊನ್ನೆಗೂ ಖಾಲಿಗೂ ನಕ್ಷೆಯಲ್ಲಿ ಬೇರೆ ಬೇರೆ ಬಣ್ಣ ಕೊಡಿ, ದಯವಿಟ್ಟು.

ಪ್ರಶ್ನೆ: ಯಾರೂ ವರದಿ ಮಾಡದ ಸಾವನ್ನು ಎಣಿಸುವುದು ಸಾಧ್ಯವೇ? ಅಂದಾಜು ಅಂದರೆ ಸುಮ್ನೆ ಊಹೆ ತಾನೇ?
(ಬ್ಯಾಂಕ್ ಉದ್ಯೋಗಿ)

ಉತ್ತರ: ಊಹೆಗಿಂತ ಗಟ್ಟಿಯಾದ ದಾರಿ ಒಂದಿದೆ. ನಾನೂ ಮೊದಲು ನಂಬಿರಲಿಲ್ಲ.

ಇಬ್ಬರು ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ತಿಳಿಯದೆ, ಸತ್ತವರ ಹೆಸರಿನ ಪಟ್ಟಿ ಮಾಡಿದರು ಅಂತಿಟ್ಟುಕೊಳ್ಳಿ. ಮೊದಲನೆಯ ಪಟ್ಟಿಯಲ್ಲಿ 300 ಹೆಸರು, ಎರಡನೆಯದರಲ್ಲಿ 200. ಎರಡರಲ್ಲೂ ಇರುವ ಹೆಸರು 60. ಎರಡನೆಯವರ 200ರಲ್ಲಿ 60, ಅಂದರೆ ನೂರಕ್ಕೆ 30 ಮಂದಿ ಮೊದಲನೆಯವರಿಗೂ ಸಿಕ್ಕಿದ್ದಾರೆ. ಹಾಗಾದರೆ ಮೊದಲನೆಯವರಿಗೆ ಒಟ್ಟು ಸತ್ತವರಲ್ಲಿ ನೂರಕ್ಕೆ 30 ಮಂದಿ ಸಿಕ್ಕಿರಬೇಕು. ಅವರ 300 ಅನ್ನುವುದು ನೂರಕ್ಕೆ 30 ಆದರೆ ಒಟ್ಟು 1,000. ಎರಡೂ ಪಟ್ಟಿಗೆ ಬಾರದವರು 560. ಕೆರೆಯ ಮೀನು ಎಣಿಸಲು ಇದೇ ಲೆಕ್ಕ ಬಳಸುತ್ತಾರೆ. ಹಿಡಿದು, ಗುರುತು ಹಾಕಿ ಬಿಟ್ಟು, ಇನ್ನೊಮ್ಮೆ ಬಲೆ ಬೀಸುತ್ತಾರೆ. ಮನುಷ್ಯರ ವಿಷಯದಲ್ಲಿ ಅಷ್ಟು ಸಲೀಸಲ್ಲ. ಪೇಟೆಯ ವಕೀಲ ಸತ್ತರೆ ಎರಡೂ ಪಟ್ಟಿಗೆ ಬರುತ್ತಾನೆ, ಕುರಿ ಕಾಯುವವ ಯಾವುದಕ್ಕೂ ಬರುವುದಿಲ್ಲ. ಅದಕ್ಕೇ ಮೂರು ನಾಲ್ಕು ಪಟ್ಟಿ ಬೇಕು, ಪ್ರದೇಶವಾರು ಲೆಕ್ಕ ಬೇಕು.

ಪೆರು ದೇಶದಲ್ಲಿ ಹೀಗೇ ಮಾಡಿದರು. 1980ರಿಂದ 2000ದ ತನಕ ಅಲ್ಲಿ ಶೈನಿಂಗ್ ಪಾತ್ ಎಂಬ ಬಂಡುಕೋರರಿಗೂ ಸರ್ಕಾರಕ್ಕೂ ಕಾದಾಟ ನಡೆಯಿತು. ಆ ಸಾವುಗಳ ತನಿಖೆ ಮಾಡಿದ ಸತ್ಯ ಆಯೋಗದ ಹತ್ತಿರ ಹೆಸರು ಸಮೇತ ಇದ್ದದ್ದು 23,969 ಜನ. ಅಂದಾಜು ಹಾಕಿಸಿದಾಗ ಬಂದದ್ದು 69,280. 2003ರಲ್ಲಿ ವರದಿ ಹೊರಬಿದ್ದಾಗ ರಾಜಧಾನಿಯ ಜನ ಬೆಚ್ಚಿಬಿದ್ದರು. ಅಲ್ಲಿಯ ತನಕ ಎಲ್ಲರ ಬಾಯಲ್ಲಿದ್ದ ಸಂಖ್ಯೆ ಹೆಚ್ಚೆಂದರೆ ಇದರ ಅರ್ಧದಷ್ಟು. ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆಯವರು, ಹೆಚ್ಚಿನವರು ಗುಡ್ಡಗಾಡಿನ ರೈತರು. ಸ್ಪ್ಯಾನಿಷ್ ಪತ್ರಿಕೆ ಓದುವವರಿಗೆ ಅವರ ಸಾವು ತಲುಪಿರಲೇ ಇಲ್ಲ. ನಮ್ಮ ಮೇಜಿನ ಮೇಲೂ ಯಾವಾಗಲೂ ದೊಡ್ಡ ಭಾಷೆಯ ಪತ್ರಿಕೆಗಳೇ ಇರುತ್ತಿದ್ದವು ಅನ್ನುವುದು ಆ ವರದಿ ಓದಿದ ದಿನ ನೆನಪಾಯಿತು.

ಸಿರಿಯಾದಲ್ಲೂ ಹಾಗೇ. 2011ರ ಮಾರ್ಚ್‌ನಿಂದ ಹತ್ತು ವರ್ಷಗಳಲ್ಲಿ ದಾಖಲೆ ಇರುವ ನಾಗರಿಕರ ಸಾವು 1,43,350. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರಲ್ಲಿ ಕೊಟ್ಟ ಅಂದಾಜು 3,06,887.

ಚೆನ್ನಾಗಿ ಎಣಿಸಿದರೆ ಸಂಖ್ಯೆ ಏರಲೇಬೇಕು ಅಂತ ತಿಳಿಯಬೇಡಿ. ಬಾಸ್ನಿಯಾದಲ್ಲಿ ಇಳಿಯಿತು. 1992ರಿಂದ 1995ರ ಯುದ್ಧದಲ್ಲಿ ಎರಡು ಲಕ್ಷ ಜನ ಸತ್ತರು ಅಂತ ವರ್ಷಗಟ್ಟಲೆ ಎಲ್ಲರೂ ಬರೆದರು. ಸರಾಯೆವೊದ ಒಂದು ಸಂಶೋಧನಾ ಕೇಂದ್ರ ಮಿರ್ಸಾದ್ ತೊಕಾಚಾ ಅವರ ನೇತೃತ್ವದಲ್ಲಿ ಹೆಸರು ಹೆಸರಾಗಿ ಹುಡುಕಿ, 2007ರಲ್ಲಿ 97,207 ಹೆಸರುಗಳನ್ನು ಮುಂದಿಟ್ಟಿತು. ಯುದ್ಧಾಪರಾಧ ನ್ಯಾಯಾಲಯದ ತಜ್ಞರ ಲೆಕ್ಕವೂ ಒಂದು ಲಕ್ಷದ ಆಸುಪಾಸಿನಲ್ಲೇ ಇತ್ತು. ‘ನಮ್ಮ ನೋವನ್ನು ಅರ್ಧ ಮಾಡಿದಿರಿ’ ಅಂತ ಸಿಟ್ಟಾದವರೂ ಇದ್ದರು. ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೂ ಎರಡು ಲಕ್ಷ ಅನ್ನುವ ಉಂಡೆ ಸಂಖ್ಯೆಗಿಂತ, ಕೊನೆಯಲ್ಲಿ 7 ಇರುವ ಆ ಸಂಖ್ಯೆಯನ್ನೇ ನಾನು ನಂಬುತ್ತೇನೆ. ಅದನ್ನು ಸುಳ್ಳು ಅನ್ನುವವನು ಯಾವ ಹೆಸರು ತಪ್ಪು, ಯಾವುದು ಬಿಟ್ಟುಹೋಯಿತು ಅಂತ ತೋರಿಸಬೇಕಾಗುತ್ತದೆ.

ಪ್ರಶ್ನೆ: ಸತ್ತವನು ಬಂಡುಕೋರನೋ ಸಾಮಾನ್ಯನೋ ಅಂತ ಕುರ್ಚಿಯಲ್ಲಿ ಕೂತು ನಿಮಗೆ ಹೇಗೆ ಗೊತ್ತಾಗುತ್ತದೆ?
(ಹೆಸರು ಬರೆದಿಲ್ಲ)

ಉತ್ತರ: ಗೊತ್ತಾಗುವುದಿಲ್ಲ. ಯಾರು ಹಾಗೆ ಹೇಳಿದರು ಅನ್ನುವುದನ್ನು ಮಾತ್ರ ಬರೆಯುತ್ತೇವೆ. ಕೊಲಂಬಿಯಾದ ಉದಾಹರಣೆ ಒಂದೇ ಸಾಕು. ಅಲ್ಲಿ ಸೈನಿಕರು ಬಡ ಹುಡುಗರನ್ನು ಕೆಲಸದ ಆಸೆ ತೋರಿಸಿ ಕರೆದೊಯ್ದು ಕೊಂದು, ಗೆರಿಲ್ಲಾ ಬಟ್ಟೆ ತೊಡಿಸಿ, ‘ಕಾಳಗದಲ್ಲಿ ಸತ್ತರು’ ಅಂತ ಲೆಕ್ಕ ತೋರಿಸಿದ ಪ್ರಕರಣಗಳು ಹೊರಬಂದವು. 2002ರಿಂದ 2008ರ ಒಳಗೆ ಇಂಥ ಬಲಿಗಳು ಕನಿಷ್ಠ 6,402 ಅಂತ ಅಲ್ಲಿನ ಶಾಂತಿ ನ್ಯಾಯಾಲಯ 2021ರಲ್ಲಿ ಹೇಳಿತು. ಆ ವರ್ಷಗಳಲ್ಲಿ ಸೇನೆಯ ಪ್ರಕಟಣೆ ನೋಡಿ ‘ಬಂಡುಕೋರ’ ಅಂತ ಕಾಲಂ ತುಂಬಿದವರು ಎಷ್ಟು ಮಂದಿ ಇದ್ದರೋ. ‘ಕನಿಷ್ಠ’ ಇಲ್ಲೂ ಇದೆ, ಗಮನಿಸಿ.

ಪ್ರಶ್ನೆ: ಬಾಂಬಿಗೆ ಸತ್ತವರನ್ನು ಎಣಿಸುತ್ತೀರಿ. ರಸ್ತೆ ಮುಚ್ಚಿ ಆಸ್ಪತ್ರೆಗೆ ಹೋಗಲಾಗದೆ ಸತ್ತ ಬಾಣಂತಿ?
(ದಾದಿ)

ಉತ್ತರ: ನಮ್ಮ ಪಟ್ಟಿಯಲ್ಲಿ ಅವಳಿಲ್ಲ. ಈ ಪ್ರಶ್ನೆಗೆ ನನ್ನ ಹತ್ತಿರ ಹೆಮ್ಮೆಯ ಉತ್ತರವೂ ಇಲ್ಲ. ಘಟನೆಗಳ ಪಟ್ಟಿಗೆ ಆಯುಧದಿಂದ ಆದ ಸಾವು ಮಾತ್ರ ಬರುತ್ತದೆ. ಅವಳು ಕಾಣುವುದು ಮನೆ ಮನೆ ಸಮೀಕ್ಷೆಯಲ್ಲಿ. ಕಾಂಗೋದಲ್ಲಿ 1998ರಿಂದ 2007ರ ತನಕ ಯುದ್ಧದಿಂದಾಗಿ ಹೆಚ್ಚುವರಿಯಾಗಿ ಸತ್ತವರು 54 ಲಕ್ಷ ಅಂತ ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಎಂಬ ಪರಿಹಾರ ಸಂಸ್ಥೆ ಅಂದಾಜು ಮಾಡಿತ್ತು. ಬಹುಪಾಲು ಜ್ವರ, ಭೇದಿ, ಅಪೌಷ್ಟಿಕತೆಯಿಂದ. ಯುದ್ಧ ಇಲ್ಲದಿದ್ದರೂ ಎಷ್ಟು ಜನ ಸಾಯುತ್ತಿದ್ದರು ಅಂತ ಅವರು ಹಿಡಿದ ಲೆಕ್ಕ ತೀರಾ ಕಡಿಮೆಯದು, ಹಾಗಾಗಿ 54 ಲಕ್ಷ ಉಬ್ಬಿದೆ ಅಂತ ಬೇರೆ ತಜ್ಞರು ವಾದಿಸಿದರು. ವಾದ ಇರಲಿ. ನೀವು ಹೇಳಿದ ಬಾಣಂತಿ ಸತ್ತದ್ದು ನಿಜ.

ಪ್ರಶ್ನೆ: ಇಷ್ಟೆಲ್ಲ ಕೈಯಲ್ಲಿ ಯಾಕೆ? ಸಾಫ್ಟ್‌ವೇರ್ ಮಾಡುವುದಿಲ್ಲವೇ?
(ಐಟಿ ಉದ್ಯೋಗಿ)

ಉತ್ತರ: ಸುದ್ದಿ ಜರಡಿ ಹಿಡಿಯಲು ಅದು ಒಳ್ಳೆಯ ಕೂಲಿ. ಎಣಿಸಲು ಬಿಟ್ಟರೆ ಕಷ್ಟ. 2014ರಲ್ಲಿ ನೈಜೀರಿಯಾದ ಚಿಬೋಕ್‌ನಲ್ಲಿ ಶಾಲಾ ಹುಡುಗಿಯರ ಅಪಹರಣ ಆಯಿತಲ್ಲ, ಆಗ ಅಮೆರಿಕದ ಒಂದು ಸುದ್ದಿ ತಾಣ ಯಂತ್ರ ತಯಾರಿಸಿದ ಪಟ್ಟಿ ನಂಬಿ ಆ ದೇಶದ ಅಪಹರಣಗಳ ನಕ್ಷೆ ಹಾಕಿತು. ಆಮೇಲೆ ನೋಡಿದರೆ ಯಂತ್ರ ಎಣಿಸಿದ್ದು ಅಪಹರಣದ ಸುದ್ದಿಗಳನ್ನು. ತಿದ್ದುಪಡಿ ಹಾಕಬೇಕಾಯಿತು. ನಮ್ಮಲ್ಲಿ ಪ್ರಯೋಗಕ್ಕೆ ಇಟ್ಟಿದ್ದ ಒಂದು ಪ್ರೋಗ್ರಾಂ ಹತ್ಯಾಕಾಂಡದ ವಾರ್ಷಿಕ ಸ್ಮರಣೆಯ ಸುದ್ದಿ ಬಂದಾಗಲೆಲ್ಲ ಅಷ್ಟೂ ಜನರನ್ನು ಹೊಸದಾಗಿ ಸಾಯಿಸುತ್ತಿತ್ತು.

ಪ್ರಶ್ನೆ: ಮೇಡಂ, ದಿನವಿಡೀ ಸಾವು ಓದಿ ಬೇಜಾರಾಗುತ್ತಿರಲಿಲ್ವಾ? ಹೇಗೆ ತಡೆದುಕೊಂಡಿರಿ?
(ಗೃಹಿಣಿ)

ಉತ್ತರ: ಮೊದಲ ವರ್ಷ ಆಗುತ್ತಿತ್ತು. ಆಮೇಲೆ ಆಗುತ್ತಿರಲಿಲ್ಲ. ಆಗದಿರುವುದೇ ಒಂದೊಂದು ಸಲ ಹೆದರಿಸುತ್ತಿತ್ತು.

ಒಂದು ಪತ್ರದ ವಿಷಯ ಹೇಳುತ್ತೇನೆ. ಹೆಸರು ಸಿಕ್ಕವರನ್ನು ಹೆಸರು, ವಯಸ್ಸು ಸಮೇತ ಪ್ರಕಟಿಸುತ್ತಿದ್ದೆವು. ಒಂದು ದಿನ ದೂರದ ದೇಶದಿಂದ ಒಬ್ಬರು ಬರೆದರು. ಮುರುಕು ಇಂಗ್ಲಿಷು, ಮೂರು ಸಾಲು. ‘ಪಟ್ಟಿಯಲ್ಲಿ ನನ್ನ ತಮ್ಮನ ವಯಸ್ಸು 71 ಅಂತಿದೆ. ಅವನಿಗೆ 17. ಸರಿ ಮಾಡುತ್ತೀರಾ?’ ಅಷ್ಟೇ. ಬೈದಿರಲಿಲ್ಲ. ಕಾರಣ ಕೇಳಿರಲಿಲ್ಲ. ಅಂಕಿ ಹಿಂದುಮುಂದು ಮಾಡಿ ಟೈಪ್ ಮಾಡಿದವಳು ನಾನೇ. ನಾಲ್ಕು ವರ್ಷ ಅದು ಹಾಗೇ ಇತ್ತು.

ತಿದ್ದಲು ಅರ್ಧ ನಿಮಿಷ ಹಿಡಿಯಿತು. ಕ್ಷಮೆ ಕೇಳಿ, ಆ ಸಾಲಿನ ಉಳಿದ ವಿವರ ಎಲ್ಲ ಕಳಿಸಿ, ಬೇರೇನಾದರೂ ತಪ್ಪಿದೆಯಾ ಅಂತ ಕೇಳಿದೆ. ಮಾರನೇ ದಿನ ಉತ್ತರ ಬಂತು. ಊರು ಸರಿ, ಹೆಸರು ಸರಿ, ದಿನಾಂಕ ಮಾತ್ರ ಒಂದು ದಿನ ಮುಂದಕ್ಕೆ ಹಾಕಬೇಕು, ಅವರು ಬಂದಾಗ ನಡುರಾತ್ರಿ ದಾಟಿತ್ತು ಅಂತ ಬರೆದಿದ್ದರು. ಅದನ್ನೂ ತಿದ್ದಿದೆ.